ದುರ್ಗಕ್ಕೆ ಬಂದರೆ ನೀರಿನ ಜಾಡು ಹಿಡಿದು ನೋಡಿ

ಚಿತ್ರದುರ್ಗಕ್ಕೆ ಬರುತ್ತಿದ್ದೇವೆ, ಒಂದು ದಿನದಲ್ಲಿ ಏನೇನು ನೋಡಬಹುದು ಎಂದು ಬೆಂಗಳೂರಿನ ನೆಂಟರು, ಹಳೆಯ ಸಹಪಾಠಿಗಳು ಫೋನ್ ಮಾಡುವುದು ನಮ್ಮ ಮನೆಯಲ್ಲಿ ಮಾಮೂಲು. ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಎರಡೇ: ಕಲ್ಲಿನ ಕೋಟೆ, ಓಬವ್ವನ ಕಿಂಡಿ. ಹಂಪಿಗೆ ಹೋಗುವ ದಾರಿಯಲ್ಲಿ ಒಂದೆರಡು ಗಂಟೆ ಇಳಿದು, ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬಿಸಿಲು ಬಿಸಿಲು ಎನ್ನುತ್ತಾ ಹೊರಟುಬಿಡುತ್ತಾರೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ. ದುರ್ಗದ ಅತಿ ದೊಡ್ಡ ಸಾಧನೆಯನ್ನು ಅವರು ನೋಡಿಯೇ ಇರುವುದಿಲ್ಲ. ಅದು ನೀರು.

ನಾನು ಹೊಳಲ್ಕೆರೆ ಕಡೆಯ ಹಳ್ಳಿಯವಳು. ಮದುವೆಯಾಗಿ ದುರ್ಗಕ್ಕೆ ಬಂದೆ. ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಅತ್ತೆ ಹುಟ್ಟಿ ಬೆಳೆದದ್ದು ಇದೇ ಊರಿನ ಹಳೆಯ ಪೇಟೆಯಲ್ಲಿ. ನಾನು ಹೊಸ ಸೊಸೆಯಾಗಿ ಬಂದಾಗ ಅವರು ನನ್ನನ್ನು ಕೋಟೆಗೆ ಕರೆದುಕೊಂಡು ಹೋದ ರೀತಿಯೇ ಬೇರೆ. ಬಾಗಿಲು, ಬುರುಜು, ಫಿರಂಗಿ ಯಾವುದನ್ನೂ ಅವರು ತೋರಿಸಲಿಲ್ಲ. ಮೇಲಿನ ಹೊಂಡದ ದಡಕ್ಕೆ ನೇರವಾಗಿ ನಡೆಸಿ, "ಇಲ್ಲಿ ತುಂಬಿದರೆ ಅಲ್ಲಿ ಇಳಿಯುತ್ತದೆ, ಅಲ್ಲಿ ತುಂಬಿದರೆ ನಮ್ಮ ಬೀದಿಗೆ ಬರುತ್ತದೆ ನೋಡಮ್ಮ" ಎಂದರು. ನಾನು ಅಂದಿನಿಂದ ಕೋಟೆಯನ್ನು ಹಾಗೆಯೇ ನೋಡುತ್ತಾ ಬಂದಿದ್ದೇನೆ, ಬಂದವರಿಗೂ ಹಾಗೆಯೇ ತೋರಿಸುತ್ತೇನೆ.

ಮೊದಲು ಈ ಸೀಮೆಯ ಮಳೆಯ ಲೆಕ್ಕ ತಿಳಿದಿರಬೇಕು. ಚಿತ್ರದುರ್ಗ ರಾಜ್ಯದ ಬರಪೀಡಿತ ಜಿಲ್ಲೆಗಳಲ್ಲಿ ಒಂದು. ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸು. ಅದೂ ನಂಬಿಕೆಯ ಮಳೆಯಲ್ಲ. ಒಂದು ವರ್ಷ ಸುರಿದರೆ ಎರಡು ವರ್ಷ ಮುನಿಸಿಕೊಳ್ಳುತ್ತದೆ. ಹತ್ತಿರದಲ್ಲಿ ಹರಿಯುವ ನದಿಯಿಲ್ಲ. ಇಂಥ ಕಡೆ, ಮಣ್ಣೇ ಇಲ್ಲದ ಬಂಡೆಗುಡ್ಡಗಳ ಮೇಲೆ, ಒಂದು ಊರೇ ಬದುಕಿತು ಎಂದರೆ ಹೇಗೆ? ನಾಯಕರು ಇಲ್ಲಿ ಆಳಿದ್ದು ಸಣ್ಣ ಅವಧಿಯೇನಲ್ಲ. ವಿಜಯನಗರದ ಅರಸರ ಕಾಲದಲ್ಲಿ, 1568ರಲ್ಲಿ ತಿಮ್ಮಣ್ಣ ನಾಯಕನಿಂದ ಶುರುವಾದ ಆಳ್ವಿಕೆ 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯುವ ತನಕ ನಡೆಯಿತು. ಅವರಿಗೂ ಮೊದಲೇ ಶಾಸನಗಳು ಈ ಜಾಗವನ್ನು ಬೆಮ್ಮತ್ತನಕಲ್ಲು ಎಂದು ಕರೆದಿವೆ. ಅಷ್ಟು ತಲೆಮಾರಿನ ಜನ, ಆನೆ, ಕುದುರೆ, ದನಕರು ಎಲ್ಲವೂ ಕುಡಿದದ್ದು ಬಂಡೆಯ ಮೇಲೆ ಬಿದ್ದ ಮಳೆಯನ್ನೇ.

ಇದು ಸಾಧ್ಯವಾದದ್ದು ಬಂಡೆಯಿಂದಲೇ. ಹೊಲದ ಮೇಲೆ ಬಿದ್ದ ಮಳೆಯನ್ನು ಮಣ್ಣು ಕುಡಿಯುತ್ತದೆ. ಬರಿ ಬಂಡೆಯ ಮೇಲೆ ಬಿದ್ದದ್ದು ಬಹುಪಾಲು ಹರಿದು ಬರುತ್ತದೆ. ಲೆಕ್ಕ ಬರೆಯುವವಳಾದ್ದರಿಂದ ಇದನ್ನೂ ಗುಣಿಸಿ ನೋಡಿದ್ದೇನೆ: ಒಂದು ಎಕರೆ ಬಂಡೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 24 ಲಕ್ಷ ಲೀಟರ್ ನೀರು. ಇಲ್ಲಿರುವುದು ಒಂದೆರಡು ಎಕರೆಯ ಬಂಡೆಯಲ್ಲ, ಏಳು ಸುತ್ತಿನ ಒಳಗಿನ ಗುಡ್ಡಗಳ ಸಾಲು. ಅವುಗಳ ಇಳಿಜಾರು ಯಾವ ಕಡೆಗೆ ಬಾಗಿದೆ ಎಂದು ನೋಡಿ, ಎರಡು ಗುಡ್ಡಗಳ ನಡುವಿನ ತಗ್ಗಿಗೆ ಅಡ್ಡಗೋಡೆ ಕಟ್ಟಿ ನೀರನ್ನು ನಿಲ್ಲಿಸಿದ್ದಾರೆ.

ಕೋಟೆಗೆ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಬನ್ನಿ. ಹತ್ತು ಗಂಟೆಯ ಮೇಲೆ ಬಂಡೆ ಕಾಯತೊಡಗುತ್ತದೆ, ನಂತರ ಹತ್ತುವುದು ಹಿಂಸೆ. ಟೊಪ್ಪಿಗೆ, ಹಿಡಿತವಿರುವ ಪಾದರಕ್ಷೆ, ತಲೆಗೊಂದು ದೊಡ್ಡ ನೀರಿನ ಬಾಟಲಿ ಇರಲಿ. ಬಾಳೆಹಣ್ಣು, ಬಿಸ್ಕತ್ತು ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳಿಗೆ ಭಯವೆಂಬುದಿಲ್ಲ. ಒಳಗೆ ಹೋಗುವ ದಾರಿ ನೇರವಾಗಿಲ್ಲ. ಒಂದು ಬಾಗಿಲು ದಾಟಿದರೆ ಗೋಡೆ ಎದುರಾಗುತ್ತದೆ, ತಿರುಗಬೇಕು, ಮತ್ತೆ ಬಾಗಿಲು. ಆನೆ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗದಂತೆ ಮಾಡಿದ ಉಪಾಯ ಅದು. ಗೋಡೆಯ ಮೇಲೆ ಹೆಡೆ ಬಿಚ್ಚಿದ ಹಾವಿನ ಉಬ್ಬುಕೆತ್ತನೆ ಇದೆ, ಮಕ್ಕಳಿಗೆ ತೋರಿಸಿ. ದೊಡ್ಡವರು ಗೋಡೆಯ ಕಲ್ಲುಗಳ ನಡುವಿನ ಸಂದುಗಳಿಗೆ ಬೆರಳಿಟ್ಟು ನೋಡಿ. ಗಾರೆ ಇಲ್ಲ. ಒಂದು ಕಲ್ಲಿನ ಮೂಲೆಯನ್ನು ಮತ್ತೊಂದರ ತಗ್ಗಿಗೆ ಸರಿಯಾಗಿ ಕೂರುವಂತೆ ಕೆತ್ತಿ ಜೋಡಿಸಿದ್ದಾರೆ.

ಸ್ವಲ್ಪ ಮುಂದೆ ಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ನೆಲಮಟ್ಟದಿಂದ ಕೆಳಗೆ ಚೌಕಾಕಾರದ ಗುಂಡಿ, ಅದರೊಳಗೆ ಆಳೆತ್ತರಕ್ಕೆ ಹತ್ತಿರದ ನಾಲ್ಕು ಬೀಸುಕಲ್ಲುಗಳು. ಅವುಗಳ ಅಂಚಿನ ಸುತ್ತ ಹಲ್ಲುಗಳಂತೆ ಕಚ್ಚು ಕೊರೆದಿದ್ದಾರೆ. ಒಂದು ಚಕ್ರದ ತಿರುಗುವಿಕೆಗೆ ಮತ್ತೊಂದು ತಿರುಗುವ ಹಾಗೆ ಇದನ್ನು ಆನೆಗಳಿಂದ ತಿರುಗಿಸುತ್ತಿದ್ದರು ಎಂದು ಮಾರ್ಗದರ್ಶಿಗಳು ವಿವರಿಸುತ್ತಾರೆ. ಇಲ್ಲಿ ಅವರ ಮಾತು ಕೇಳಿ, ಚೆನ್ನಾಗಿ ಹೇಳುತ್ತಾರೆ. ಅಲ್ಲಿಂದ ಬನಶಂಕರಿಯ ಗುಹೆಗುಡಿ ನೋಡಿಕೊಂಡು ಮೇಲೆ ಹತ್ತಬಹುದು.

ಹತ್ತುವಾಗ ಬಂಡೆಗಳ ಮೈಮೇಲೆ ಕಣ್ಣಿಡಿ. ಕೆಲವು ಕಡೆ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಚಿಕ್ಕ ಚಿಕ್ಕ ಗುಳಿಗಳು ಕಾಣುತ್ತವೆ. ಬಂಡೆ ಸೀಳಲು ಹೊಡೆದ ಗುಳಿಗಳು ಅವು. ಕೆಲವು ಕಡೆ ಸಾಲು ಪೂರ್ತಿಯಾಗಿದೆ, ಬಂಡೆ ಸೀಳಿಲ್ಲ. ಯಾರೋ ಉಳಿ ಕೆಳಗಿಟ್ಟು ಹೋದವರು ಮರಳಿ ಬಂದಿಲ್ಲ. ಬಂಡೆಯ ಮೇಲೆ ಇನ್ನೊಂದು ಬಗೆಯ ಗುರುತೂ ಇದೆ, ಅದನ್ನು ಯಾರೂ ತೋರಿಸುವುದಿಲ್ಲ: ಮಳೆನೀರು ವರ್ಷವರ್ಷವೂ ಹರಿದ ಕಪ್ಪು ಪಟ್ಟೆಗಳು. ಮಳೆ ಇಲ್ಲದ ದಿನವೂ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದು ಆ ಪಟ್ಟೆಗಳಿಂದ ಗೊತ್ತಾಗುತ್ತದೆ.

ತುಪ್ಪದ ಕೊಳದ ಬತೇರಿ, ಅಂದರೆ ಎತ್ತರದ ಕಾವಲು ಬುರುಜು, ಏರುವುದು ಧೈರ್ಯವಿದ್ದವರಿಗೆ. ಮೆಟ್ಟಿಲೆಂದರೆ ಮೆಟ್ಟಿಲಲ್ಲ, ಬಂಡೆಯ ಕಡಿದಾದ ಮೈಯಲ್ಲಿ ಪಾದದ ಮುಂಭಾಗ ಮಾತ್ರ ಹಿಡಿಯುವಷ್ಟು ಕೊರೆದ ಕಚ್ಚುಗಳು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮಂಡಿ ನೋವಿರುವವರು, ಚಿಕ್ಕ ಮಕ್ಕಳನ್ನು ಎತ್ತಿಕೊಂಡವರು ಕೆಳಗೇ ಕುಳಿತುಕೊಳ್ಳಿ. ಮಳೆ ಬಂದು ಬಂಡೆ ಒದ್ದೆಯಾಗಿದ್ದರೆ ಯಾರೂ ಹತ್ತಬೇಡಿ. ಮೇಲೆ ಹೋದವರಿಗೆ ಇಡೀ ಕೋಟೆಯ ನಕ್ಷೆ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಹಾವಿನಂತೆ ಹರಿದ ಗೋಡೆ, ಕೆಳಗೆ ಊರು, ದೂರದ ಬೆಟ್ಟಗಳ ನೆತ್ತಿಯ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಆ ನೋಟದಲ್ಲಿ ಹೊಂಡಗಳನ್ನು ಹುಡುಕಿ. ಎಲ್ಲವೂ ತಗ್ಗಿನಲ್ಲೇ ಇವೆ, ಒಂದೂ ಅಡ್ಡಾದಿಡ್ಡಿಯಾಗಿಲ್ಲ.

ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳನ್ನು ಒಂದರ ಹಿಂದೊಂದು ನೋಡಬಹುದು. ಏಕನಾಥಮ್ಮ ನಾಯಕರ ಕುಲದೇವತೆ, ಊರವರ ಅಮ್ಮ. ಗುಡಿಯ ಮುಂದಿನ ಉಯ್ಯಾಲೆ ಕಂಬ, ದೀಪಸ್ತಂಭಗಳ ನಡುವಿನ ಬಯಲಿನಲ್ಲಿ ಒಳ್ಳೆಯ ಗಾಳಿ ಬೀಸುತ್ತದೆ. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲು ಎಂದು ತೋರಿಸುತ್ತಾರೆ. ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ನಾಯಕರ ಪಟ್ಟಾಭಿಷೇಕ ನಡೆಯುತ್ತಿದ್ದದ್ದು ಸಂಪಿಗೆ ಸಿದ್ಧೇಶ್ವರನ ಸನ್ನಿಧಿಯಲ್ಲಿ. ಆಚೆ ಅರಮನೆಯ, ಟಂಕಸಾಲೆಯ ಅವಶೇಷಗಳಿವೆ. ಕಲ್ಲಿನ ಕೋಟೆ ಎಂದು ಹೆಸರಾದ ಜಾಗದಲ್ಲಿ ಮಣ್ಣಿನ ಗೋಡೆಗಳು ನಿಂತಿರುವುದನ್ನು ಇಲ್ಲಿ ಗಮನಿಸಿ. ಎರಡೂವರೆ ಶತಮಾನದ ಬಿಸಿಲು, ಮಳೆ ತಿಂದ ಬರಿ ಮಣ್ಣಿನ ಗೋಡೆ! ದಯವಿಟ್ಟು ಅವುಗಳ ಮೇಲೆ ಹೆಸರು ಕೊರೆಯುವವರನ್ನು ಕಂಡರೆ ತಡೆಯಿರಿ. ನಾನು ಪ್ರತಿ ಸಲವೂ ತಡೆದು ಜಗಳವಾಡಿದ್ದೇನೆ, ಮುಂದೆಯೂ ಆಡುತ್ತೇನೆ.

ಈಗ ಗೋಪಾಲಸ್ವಾಮಿ ಹೊಂಡ. ಸಮಯ ಕಡಿಮೆ ಇದೆ ಎಂದು ಹೆಚ್ಚಿನವರು ಬಿಟ್ಟು ಹೋಗುವುದು ಇದನ್ನೇ. ನನ್ನ ಮಟ್ಟಿಗೆ ದುರ್ಗದ ಹೃದಯ ಇದು. ಸುತ್ತಲೂ ಬಂಡೆಗುಡ್ಡ, ನಡುವೆ ವಿಶಾಲವಾದ ನೀರು, ಪಕ್ಕದಲ್ಲಿ ಗೋಪಾಲಸ್ವಾಮಿಯ ಗುಡಿ. ಸುತ್ತಲಿನ ಗುಡ್ಡಗಳ ಮೇಲಿನ ಮಳೆ ಬಂದು ಸೇರುವುದು ಇಲ್ಲಿಗೆ. ಹೊಂಡದ ಅಂಚಿನ ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ಒಂದರ ಮೇಲೊಂದು ಅಡ್ಡಗೆರೆಗಳು ಕಾಣುತ್ತವೆ. ಮೇಲಿನ ಗೆರೆ ಬಿಳಿಚಿಕೊಂಡಿದೆ, ಕೆಳಗಿನದು ಕಂದು, ಇನ್ನೂ ಕೆಳಗೆ ಪಾಚಿಯ ಹಸಿರು. ಒಂದೊಂದು ಗೆರೆಯೂ ಒಂದು ಕಾಲದಲ್ಲಿ ನೀರು ನಿಂತಿದ್ದ ಮಟ್ಟ. ನಮ್ಮ ಅತ್ತೆ ಅವುಗಳಲ್ಲಿ ಒಂದರ ಮೇಲೆ ಕೈಯಿಟ್ಟು, ನಿನ್ನ ಗಂಡ ಹುಟ್ಟಿದ ವರ್ಷ ಇಷ್ಟಿತ್ತು ಎಂದು ಹೇಳಿದ್ದರು. ಬ್ಯಾಂಕಿನ ಪಾಸ್‌ಪುಸ್ತಕ ತೆರೆದು ನೋಡುವವರ ಗಾಂಭೀರ್ಯ ಅವರ ಮುಖದಲ್ಲಿತ್ತು.

ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಕ್ಕ, ತಂಗಿ ಎಂದು ಒಂದಕ್ಕೊಂದು ಅಂಟಿಕೊಂಡ ಎರಡು ಹೊಂಡಗಳು. ಮೇಲಿನದರಲ್ಲಿ ಹೂಳು ತಂಗುತ್ತದೆ, ಕೆಳಗಿನದಕ್ಕೆ ತಿಳಿನೀರು ಹೋಗುತ್ತದೆ. ಅಲ್ಲಿಂದಲೂ ಹೆಚ್ಚಾದದ್ದು ಗುಡ್ಡ ಇಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಸಂತೆಹೊಂಡಕ್ಕೆ ಬಂದು ಸೇರುತ್ತದೆ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ, ಅವರಿಂದ ಉಳಿದದ್ದು ಸಂತೆಗೆ ಬಂದ ದನಕರುಗಳಿಗೆ. ಪಂಪು, ಪೈಪು, ವಿದ್ಯುತ್ತು ಯಾವುದೂ ಇಲ್ಲದೆ ಇಳಿಜಾರೊಂದನ್ನೇ ನಂಬಿ ಮಾಡಿದ ವ್ಯವಸ್ಥೆ. ಒಳ್ಳೆಯ ಮಳೆಯಾದ ವರ್ಷ ಅದು ಈಗಲೂ ಕೆಲಸ ಮಾಡುತ್ತದೆ. ಗೋಪಾಲಸ್ವಾಮಿ ಹೊಂಡ ಕೋಡಿ ಬಿತ್ತು ಎಂಬ ಸುದ್ದಿ ಬಂದರೆ ಊರಿನವರು ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಕಚೇರಿಯಲ್ಲಿ ಆ ದಿನ ಬೇರೆ ಮಾತೇ ಇರುವುದಿಲ್ಲ.

ಓಬವ್ವನ ಕಿಂಡಿಗೆ ನಾನು ಜನರನ್ನು ಕೊನೆಯಲ್ಲಿ ಕರೆದೊಯ್ಯುತ್ತೇನೆ, ಹೊಂಡಗಳನ್ನು ನೋಡಿದ ಮೇಲೆ. ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದೆ. ಕಾವಲುಗಾರ ಕಹಳೆಯ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಗಂಡನಿಗೆ ಊಟಕ್ಕಿಟ್ಟ ಓಬವ್ವ ನೀರು ತರಲು ಕೊಡ ಹಿಡಿದು ಹೋಗುತ್ತಾಳೆ. ಕಿಂಡಿಯ ಆಚೆ ಪಿಸುಮಾತು ಕೇಳಿಸುತ್ತದೆ. ಮನೆಗೆ ಹಿಂದಿರುಗಿ ಒನಕೆ ತಂದು, ಒಬ್ಬೊಬ್ಬರಾಗಿ ತಲೆ ತೂರಿಸಿದ ಶತ್ರುಗಳನ್ನು ಹೊಡೆದು, ಹೆಣಗಳನ್ನು ಪಕ್ಕಕ್ಕೆ ಎಳೆದು ಹಾಕುತ್ತಾಳೆ. ಅವಳೂ ಅಲ್ಲೇ ಮಡಿಯುತ್ತಾಳೆ.

ಎಲ್ಲರೂ ಒನಕೆಯನ್ನು ನೆನೆಯುತ್ತಾರೆ. ನನಗೆ ಆ ಕೊಡವೂ ಅಷ್ಟೇ ಮುಖ್ಯ. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ ಅವಳು ಹೋದದ್ದು ನೀರಿಗೆ. ದಿನಾ ನೀರು ಹೊರುವವಳಿಗೆ ಮಾತ್ರ ಆ ಬಂಡೆಗಳ ನಡುವೆ ಯಾವ ಸದ್ದು ಸಹಜ, ಯಾವುದು ಅಲ್ಲ ಎಂಬುದು ಗೊತ್ತಿರುತ್ತದೆ. ಕಿಂಡಿಯ ಸಮೀಪದಲ್ಲೇ ತಣ್ಣೀರು ದೋಣಿ ಇದೆ. ಬಂಡೆಗಳ ನಡುವಿನ ಕಿರಿದಾದ ನೀರಿನ ತಾಣ. ನೆರಳಲ್ಲೇ ಇರುವುದರಿಂದ ಏಪ್ರಿಲ್ ಬಿಸಿಲಿನಲ್ಲೂ ಅದರ ನೀರು ತಣ್ಣಗಿರುತ್ತದೆ. ಕಿಂಡಿಯ ಮುಂದೆ ಸರದಿ ನಿಂತು ಫೋಟೊ ತೆಗೆಸಿಕೊಳ್ಳುವ ನೂರು ಜನರಲ್ಲಿ ಹತ್ತು ಜನವೂ ತಣ್ಣೀರು ದೋಣಿಯ ಬಳಿ ನಿಲ್ಲುವುದಿಲ್ಲ. ನೀವು ನಿಲ್ಲಿ. ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದರೆ ಅವಳ ಕಥೆಯನ್ನು ಅಲ್ಲೇ ಕುಳಿತು ಹೇಳಿ. 2021ರಿಂದ ರಾಜ್ಯ ಸರ್ಕಾರವೇ ನವೆಂಬರ್ 11ನ್ನು ಓಬವ್ವನ ಜಯಂತಿಯಾಗಿ ಆಚರಿಸುತ್ತಿದೆ. ಆ ಹೊತ್ತಿಗೆ ಬಂದರೆ ಮಳೆಗಾಲ ಮುಗಿದು ಹೊಂಡಗಳಲ್ಲೂ ನೀರಿರುತ್ತದೆ, ಬಿಸಿಲೂ ಹದವಾಗಿರುತ್ತದೆ.

ಕೋಟೆ ಇಳಿಯುವಷ್ಟರಲ್ಲಿ ಹಸಿವಾಗಿರುತ್ತದೆ. ದಾವಣಗೆರೆ ಇಲ್ಲಿಂದ ಅರವತ್ತು ಕಿಲೋಮೀಟರ್ ಮಾತ್ರ, ಹಿಂದೆ ಎರಡೂ ಒಂದೇ ಜಿಲ್ಲೆಯಲ್ಲಿದ್ದವು, 1997ರಲ್ಲಷ್ಟೇ ಬೇರೆಯಾದದ್ದು. ಹಾಗಾಗಿ ಬೆಣ್ಣೆ ದೋಸೆ ಇಲ್ಲಿಯೂ ಸಿಗುತ್ತದೆ. ಆದರೆ ದುರ್ಗದ ನಿಜವಾದ ತಿಂಡಿ ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ. ಮಂಡಕ್ಕಿಯನ್ನು ನೀರಿಗೆ ಹಾಕಿದ ತಕ್ಷಣ ಹಿಂಡಿ ತೆಗೆಯಬೇಕು. ಒಂದು ಗಳಿಗೆ ತಡವಾದರೂ ಮುದ್ದೆಯಾಗುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಕೊಡುತ್ತಾರೆ. ಆ ಪುಡಿಯನ್ನು ಕೈಬಿಚ್ಚಿ ಹಾಕುವ ಹೋಟೆಲನ್ನು ಹುಡುಕಿ ಹೋಗಿ. ಮಧ್ಯಾಹ್ನಕ್ಕೆ ರಾಗಿಮುದ್ದೆ, ಸೊಪ್ಪಿನ ಸಾರು. ಚಳ್ಳಕೆರೆ ಸೀಮೆ ಶೇಂಗಾಕ್ಕೆ, ಎಣ್ಣೆ ಗಿರಣಿಗಳಿಗೆ ಹೆಸರುವಾಸಿಯಾದ್ದರಿಂದ ಚಟ್ನಿಯಲ್ಲಿ ಶೇಂಗಾ ಧಾರಾಳ. ಮಳೆಗಾಲದ ಕೊನೆಗೆ ಬಂದರೆ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಸೀತಾಫಲ ಮಾರುವವರು ಸಿಗುತ್ತಾರೆ. ಗುಡ್ಡದ ಹಣ್ಣು, ಗಾತ್ರ ಚಿಕ್ಕದು, ಸಿಹಿ ಜಾಸ್ತಿ. ಚೌಕಾಸಿ ಮಾಡದೆ ಕೊಂಡುಕೊಳ್ಳಿ.

ಊಟದ ನಂತರ ಊರೊಳಗಿನ ಎರಡು ಹೊಂಡಗಳನ್ನು ನೋಡಬೇಕು. ಸಿಹಿನೀರು ಹೊಂಡದ ಮೆಟ್ಟಿಲುಗಳ ಮೇಲೆ ನಮ್ಮ ಅತ್ತೆ ಹುಡುಗಿಯಾಗಿದ್ದಾಗ ಕೊಡ ಹಿಡಿದು ಸರದಿ ನಿಲ್ಲುತ್ತಿದ್ದರು. ಉಪ್ಪುನೀರಿನ ಬಾವಿಗಳ ನಡುವೆ ಬೇಳೆ ಬೇಯುವ ನೀರು ಇದೊಂದೇ ಎಂದು ಅವರ ಅಮ್ಮ ದೂರದಿಂದಲೂ ಇಲ್ಲಿಗೇ ಕಳುಹಿಸುತ್ತಿದ್ದರಂತೆ. ಸಂತೆಹೊಂಡ ಇನ್ನೂ ದೊಡ್ಡದು, ನಾಲ್ಕೂ ಕಡೆ ಕಲ್ಲುಕಟ್ಟಡವಿರುವ ಅಚ್ಚುಕಟ್ಟಾದ ಹೊಂಡ, ಸುತ್ತಲೂ ಪೇಟೆಯ ಗದ್ದಲ. ನೋಡಲು ಹೋದವರಿಗೆ ಬೇಸರವೂ ಆಗಬಹುದು. ಪ್ಲಾಸ್ಟಿಕ್ಕು, ಪೂಜೆಯ ಹೂವು, ಹಳೆಯ ಬಟ್ಟೆ ಎಲ್ಲವೂ ನೀರಿಗೆ ಬಿದ್ದಿರುತ್ತವೆ. ಮೇಲಿನಿಂದ ನೀರು ಇಳಿದು ಬರುವ ಕಾಲುವೆಗಳ ದಾರಿಯಲ್ಲಿ ಮನೆಗಳೆದ್ದಿವೆ, ಕಸ ಕಟ್ಟಿಕೊಂಡಿದೆ. ಕುಡಿಯುವ ನೀರು ನಲ್ಲಿಯಲ್ಲಿ ಬರತೊಡಗಿದ ಮೇಲೆ ಹೊಂಡ ಯಾರಿಗೂ ಬೇಡವಾಯಿತು. ಆದರೂ ನೋಡಿ ಎನ್ನುತ್ತೇನೆ. ಗುಡ್ಡದ ಮೇಲೆ ನೋಡಿದ ವ್ಯವಸ್ಥೆಯ ಕೊನೆಯ ಕೊಂಡಿಯನ್ನು ಇಲ್ಲಿ ನೋಡದಿದ್ದರೆ ಅದು ಎಷ್ಟು ದೂರ ಯೋಚಿಸಿ ಮಾಡಿದ್ದು ಎಂಬುದು ಅರ್ಥವಾಗುವುದಿಲ್ಲ.

ರಂಗಯ್ಯನ ಬಾಗಿಲ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಚಿಕ್ಕದು, ಮುಕ್ಕಾಲು ಗಂಟೆ ಸಾಕು. ಇಲ್ಲಿಂದ ಚಂದ್ರವಳ್ಳಿಗೆ ಹೋಗುವುದು ಒಳ್ಳೆಯದು.

ಚಂದ್ರವಳ್ಳಿ ಊರಿಗೆ ಅಂಟಿಕೊಂಡೇ ಇದೆ. ಚಿತ್ರದುರ್ಗದ ಗುಡ್ಡ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ. ಕೋಟೆಗಿಂತ ಎಷ್ಟೋ ಹಳೆಯ ಊರು ಇಲ್ಲಿತ್ತು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿಯೂ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳು, ರೋಮ್ ಸಾಮ್ರಾಟ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಈ ಕಣಿವೆಯಲ್ಲಿ ಸಿಕ್ಕಿವೆ. ಸಮುದ್ರದಿಂದ ಇಷ್ಟು ದೂರದ ಒಣ ನೆಲಕ್ಕೆ ರೋಮಿನ ಹಣ ಬಂದಿತ್ತು ಎಂದರೆ ವ್ಯಾಪಾರಿಗಳು ಇಲ್ಲಿ ತಂಗುತ್ತಿದ್ದರು ಎಂದಾಯಿತು. ತಂಗುವವರಿಗೆ ನೀರು ಬೇಕಲ್ಲವೆ?

ಆ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಮಯೂರಶರ್ಮನ ಶಾಸನವಿದೆ. ಕ್ರಿಸ್ತಶಕ ನಾಲ್ಕನೆಯ ಶತಮಾನದ್ದು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ತ್ರೈಕೂಟ, ಆಭೀರ, ಪಲ್ಲವ ಎಂದು ಅವನು ಗೆದ್ದವರ ಪಟ್ಟಿಯೇ ಅದರಲ್ಲಿದೆ. ಆದರೆ ಶಾಸನ ಬರೆಸಿದ್ದು ಯುದ್ಧ ಗೆದ್ದದ್ದಕ್ಕಲ್ಲ, ಇಲ್ಲಿ ಕೆರೆ ಕಟ್ಟಿಸಿದ್ದಕ್ಕೆ! ಕನ್ನಡನಾಡಿನ ಮೊದಲ ಸ್ವಂತ ರಾಜವಂಶದ ಸ್ಥಾಪಕನ ಹೆಸರು ನಮ್ಮೂರಿನ ಬಂಡೆಯ ಮೇಲೆ ಉಳಿದಿರುವುದು ಒಂದು ಕೆರೆಯ ಕಾರಣಕ್ಕೆ. ಅಕ್ಷರಗಳು ಸವೆದಿವೆ, ನಮಗೆ ಓದಲು ಬರುವುದೂ ಇಲ್ಲ. ಆದರೂ ನಾನು ಅಲ್ಲಿಗೆ ಹೋದಾಗಲೆಲ್ಲ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ಎದುರಿಗೇ ಚಂದ್ರವಳ್ಳಿ ಕೆರೆ ಇದೆ. ಸಂಜೆಯ ಹೊತ್ತಿಗೆ ಗುಡ್ಡದ ನೆರಳು ಅದರ ಮೇಲೆ ಬೀಳುತ್ತದೆ. ಊರಿನವರು ವಾಯುವಿಹಾರಕ್ಕೆ ಬರುತ್ತಾರೆ.

ಅಂಕಲಿ ಮಠದ ಗುಹೆಯೂ ಇಲ್ಲಿಯೇ ಇದೆ. ಮಾರ್ಗದರ್ಶಿಯಿಲ್ಲದೆ, ಟಾರ್ಚ್ ಇಲ್ಲದೆ ಒಳಗೆ ಕಾಲಿಡಬೇಡಿ. ಬಂಡೆಗಳ ಅಡಿಯಲ್ಲಿ ಕೋಣೆಯ ಪಕ್ಕ ಕೋಣೆ, ತಗ್ಗಿ ನಡೆಯಬೇಕಾದ ದಾರಿ, ಪೂಜೆಯ ಜಾಗ, ಮಲಗುವ ಜಾಗ, ಗೋಡೆಯ ಮೇಲೆ ಅಲ್ಲಲ್ಲಿ ಉಳಿದ ಹಳೆಯ ಬಣ್ಣ. ದೀಪ ಆರಿಸಿದರೆ ಪಕ್ಕದಲ್ಲಿ ನಿಂತವರ ಮುಖವೂ ಕಾಣುವುದಿಲ್ಲ. ಉಸಿರಾಟದ ತೊಂದರೆ ಇರುವವರು ಹೊರಗೇ ಉಳಿಯುವುದು ಲೇಸು.

ಎರಡನೆಯ ದಿನ ಕೈಯಲ್ಲಿದ್ದರೆ ಏನು ಮಾಡಬೇಕು ಎಂಬುದು ನಿಮ್ಮ ಆಸಕ್ತಿಗೆ ಬಿಟ್ಟದ್ದು. ಕಾಡು, ಗಾಳಿ ಇಷ್ಟವಿದ್ದವರು ಜೋಗಿಮಟ್ಟಿಗೆ ಹೋಗಬಹುದು. ಊರಿನ ಮಗ್ಗುಲಲ್ಲೇ ಇರುವ ಕಾಯ್ದಿಟ್ಟ ಅರಣ್ಯ. ದಾರಿಯಲ್ಲಿ ಆಡುಮಲ್ಲೇಶ್ವರದ ಪುಟ್ಟ ಮೃಗಾಲಯ, ಕಾಡಿನೊಳಗೆ ಹಿಮವತ್ ಕೇದಾರದ ಗುಹೆ. ಮಳೆಗಾಲದಲ್ಲಿ ಜೋಗಿಮಟ್ಟಿಯ ನೆತ್ತಿಯ ಮೇಲೆ ಮೋಡ ಬಂದು ಮುಖಕ್ಕೇ ತಾಗುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಸೀರೆಯ ಮೋಹವಿದ್ದವರಿಗೆ ಮೊಳಕಾಲ್ಮುರು. ನೇಕಾರರ ಮನೆಗಳಲ್ಲಿ ಮಗ್ಗದ ಸದ್ದು ಕೇಳುತ್ತಾ ಸೀರೆ ಆರಿಸಬಹುದು, ಅದೇ ದಾರಿಯಲ್ಲಿ ಅಶೋಕನ ಸಿದ್ದಾಪುರದ ಶಾಸನವನ್ನೂ ಬ್ರಹ್ಮಗಿರಿಯನ್ನೂ ನೋಡಬಹುದು. ಹೋಗುವ ದಾರಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೂ ತಿರುಗಿಕೊಳ್ಳಿ. ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಫಾಲ್ಗುಣದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂದ ಆ ಸ್ವಾಮಿಯನ್ನು ಈ ಸೀಮೆಯ ರೈತರು ನೆನೆಯುವುದು ಊರೂರಲ್ಲಿ ಜನರನ್ನು ದುಡಿಸಿ ಕೆರೆ ಕಟ್ಟಿಸಿದ ಕಾಯಕಯೋಗಿ ಎಂದು.

ಕಾರಿನಲ್ಲಿ ಬೆಂಗಳೂರಿಗೆ ಹಿಂದಿರುಗುವವರು ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಇಪ್ಪತ್ತು ಕಿಲೋಮೀಟರ್ ಒಳಗೆ ಹೋಗಿ ವಾಣಿ ವಿಲಾಸ ಸಾಗರ ನೋಡಲೇಬೇಕು. ನಮ್ಮವರು ಮಾರಿಕಣಿವೆ ಎಂದೇ ಕರೆಯುತ್ತಾರೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ನುಸುಳುವ ಕಡೆ ಮೈಸೂರು ಅರಸರ ಸರ್ಕಾರ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು. ಕೃಷ್ಣರಾಜಸಾಗರಕ್ಕಿಂತ ಹಳೆಯದು. ಸುಮಾರು 30 ಟಿಎಂಸಿ ನೀರು ಹಿಡಿಯುವ ಇದಕ್ಕೆ ತುಂಬುವ ಯೋಗ ಅಪರೂಪ. 1933ರಲ್ಲಿ ಕೋಡಿ ಬಿದ್ದದ್ದೇ ಬಿದ್ದದ್ದು, ಮತ್ತೆ ಕೋಡಿಯ ಮೇಲೆ ನೀರು ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಗ ಇಡೀ ಜಿಲ್ಲೆಯೇ ಅಲ್ಲಿಗೆ ಹೋಗಿತ್ತು. ಟ್ರ್ಯಾಕ್ಟರುಗಳಲ್ಲಿ, ಟೆಂಪೊಗಳಲ್ಲಿ, ಬೈಕುಗಳಲ್ಲಿ ಜನ. ಹೆಂಗಸರು ಬಾಗಿನ ಹಿಡಿದು ಬಂದಿದ್ದರು. ನಮ್ಮ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಅಪ್ಪ ಹೇಳುತ್ತಿದ್ದ, ಈಗ ನಾನೂ ನೋಡಿದೆ ಎಂದಷ್ಟೇ ಅಂದು, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಅರಿಸಿನ ಕುಂಕುಮವನ್ನು ನೀರಿಗೆ ಹಾಕಿದರು.

2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ನೀವು ಬರುವ ಮುನ್ನ ಅಣೆಕಟ್ಟಿನ ಮಟ್ಟ ಎಷ್ಟಿದೆ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ. 130 ಅಡಿ ಎಂದರೆ ಪೂರ್ಣ. ಅಣೆಕಟ್ಟಿನ ಬಳಿ ಕಣಿವೆ ಮಾರಮ್ಮನ ಗುಡಿಯಿದೆ, ದರ್ಶನ ಮಾಡಿಕೊಂಡು ಮೇಲಿನ ಗುಡ್ಡಕ್ಕೆ ಹತ್ತಿದರೆ ಹಿನ್ನೀರು ಕಣ್ಣು ಹಾಯುವಷ್ಟು ದೂರ ಕಾಣುತ್ತದೆ. ಕತ್ತಲಾಗುವ ಮೊದಲೇ ಹಿರಿಯೂರಿಗೆ ಮರಳಿದರೆ ಅಲ್ಲಿಂದ ಬೆಂಗಳೂರಿಗೆ ನೇರ ಹೆದ್ದಾರಿ, ಊಟಕ್ಕೂ ದಾರಿಯುದ್ದಕ್ಕೂ ಅನುಕೂಲವಿದೆ.